ಸೇಬಿನ ಮೇಲಿನ ಕಿಟಕಿ

ಸೇಬಿನ ಮೇಲೆ ಒಂದು ಕಿಟಕಿ, ಪುಟ್ಟದು, ಬೆಳ್ಳಗೆ ಹೊಳೆಯುವಂಥದು, ಉದ್ದಕ್ಕೊಂದು ಅಡ್ಡಕ್ಕೊಂದು ಗೆರೆ ಎಳೆದು ನಾಲ್ಕು ಗಾಜು ಮಾಡಿದ ಹಾಗಿದೆ, ಆದರೆ ಈ ಮನೆಯ ಕಿಟಕಿಗಳಿಂದ ಬೆಳಕು ಬರುವ ಮಾತೇ ಇಲ್ಲವಲ್ಲ, ಇರುವ ಎರಡರ ಹಿಂದೆಯೂ ಬಟ್ಟೆಯ ಮೇಲೆ ಬರೆದ ಮರ, ಮರದ ಹಿಂದೆ ಗೋದಾಮಿನ ಗೋಡೆ, ಹಾಗಾದರೆ ಇದೆಲ್ಲಿಂದ ಬಂತು ಎಂದು ಅವನು ಕತ್ತೆತ್ತಿ ನೋಡಿದ, ಮೇಲೆ ಕಬ್ಬಿಣದ ಕಂಬಿಗೆ ಕಟ್ಟಿದ ದೊಡ್ಡ ದೀಪ, ಅದರ ಮುಖಕ್ಕೆ ಬಿಳಿ ಪರದೆ, ಪರದೆಯ ಹಿಂದೆ ಅಡ್ಡಪಟ್ಟಿ, ಸರಿ, ಸಿಕ್ಕಿತು, ತಲೆ ಇನ್ನೂ ಓಡುತ್ತಿದೆ, ಇಂಥದ್ದನ್ನು ಕಂಡುಹಿಡಿಯುವಷ್ಟು ಓಡುತ್ತಿದೆಯೆಂದರೆ ಗಾಬರಿಯೇನಿಲ್ಲ — ಗಾಬರಿ ಎಂದವರು ಯಾರು, ಊಟದ ಮೇಜಿನ ತುದಿಗೆ ಕೂತ ಯಜಮಾನನಿಗೆ ಗಾಬರಿಯೇ, ನಾಲ್ಕು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಸಾವಿರಾರು ಮನೆಗಳ ಟೀವಿಯೊಳಗೆ ಸೂಪು ಕುಡಿದವನಿಗೆ, ಧಾರಾವಾಹಿಯ ಹೆಸರು ಮರೆತವರೂ ಬೀದಿಯಲ್ಲಿ ಕಂಡರೆ ಯಜಮಾನ್ರೇ ಎನ್ನುತ್ತಾರೆ, ಔಷಧಿ ಅಂಗಡಿಯವನೂ ಸೂಜಿಯ ಡಬ್ಬಿಯನ್ನು ಕಾಗದದಲ್ಲಿ ಸುತ್ತುತ್ತ ಇದು ಮನೇಲಿ ಯಾರಿಗೆ ಯಜಮಾನ್ರೇ ಎಂದು ಕೇಳುತ್ತಾನೆ, ನಮ್ಮ ಅತ್ತೆಗೆ ಎನ್ನುತ್ತಾನೆ ಇವನು, ಅತ್ತೆ ತೀರಿಕೊಂಡು ಯಾವ ಕಾಲವಾಯಿತೋ, ಪಾಪ, ಸತ್ತ ಮೇಲೂ ದಿನಕ್ಕೆ ಮೂರು ಹೊತ್ತು ಚುಚ್ಚಿಸಿಕೊಳ್ಳುತ್ತಿದ್ದಾಳೆ.

ಚುಚ್ಚಿಕೊಂಡದ್ದಂತೂ ಆಗಿದೆ. ಅದರಲ್ಲಿ ಅನುಮಾನವಿಲ್ಲ, ಮೇಕಪ್ ಕೋಣೆಯ ಪಕ್ಕದ ಕಕ್ಕಸಿನಲ್ಲಿ, ಅಂಗಿಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಹೊಕ್ಕಳಿನ ಪಕ್ಕ ಒಂದು ಹಿಡಿ ಮಾಂಸ ಹಿಡಿದು, ಇನ್ಸುಲಿನ್ ಪೆನ್ನಿನ ಬುಡವನ್ನು ಎಂಟಕ್ಕೆ ತಿರುಗಿಸುವಾಗಿನ ಟಿಕ್ ಟಿಕ್ ಹೊರಗೆ ಕೇಳಬಾರದೆಂದು ನಲ್ಲಿ ಬಿಟ್ಟು — ಎಂಟು ಯೂನಿಟ್ಟು, ಒಂದು ಬಟ್ಟಲು ಸೂಪಿಗೆ, ಎರಡು ತುಂಡು ಬ್ರೆಡ್ಡಿಗೆ, ಬೆಂದ ಆಲೂಗಡ್ಡೆಗೆ, ಕೊನೆಯಲ್ಲಿ ಒಂದು ಸೇಬಿಗೆ, ಈ ಮನೆಯ ಊಟ ಅವನಿಗೆ ಬಾಯಿಪಾಠ, ಈ ಸಂಸಾರ ತಿನ್ನುವುದು ಬಿಟ್ಟರೆ ಮಾಡುವುದು ಜಗಳ, ಅದೂ ತಿನ್ನುತ್ತಲೇ, ಹಾಗಾಗಿ ಊಟದ ಸೀನು ಎಂದರೆ ಅವನ ಮಧ್ಯಾಹ್ನದ ಊಟ, ಬೇರೆ ಊಟ ಅವನು ತರುವುದೇ ಇಲ್ಲ. ಸಹಾಯಕ ನಿರ್ದೇಶಕಿ ಬಾಗಿಲು ಬಡಿದು ಐದೇ ನಿಮಿಷ ಯಜಮಾನ್ರೇ, ಊಟದ ಸೀನು ರೆಡಿ ಎಂದದ್ದೇ ತಡ ಪೆನ್ನು ತೆಗೆಯುವುದು, ಯಾಕೆಂದರೆ ಆ ಹುಡುಗಿಯ ಐದು ನಿಮಿಷ ಎಂದರೆ ಕಾಲು ಗಂಟೆ, ಡಾಕ್ಟರು ಹೇಳಿದ್ದೂ ಊಟಕ್ಕೆ ಕಾಲು ಗಂಟೆ ಮುಂಚೆ ಅಂತಲೇ, ವೈದ್ಯಶಾಸ್ತ್ರಕ್ಕೂ ಸೋಮಾರಿತನಕ್ಕೂ ಇಷ್ಟು ಚೆನ್ನಾಗಿ ಹೊಂದಿಕೆಯಾದದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಮಗಳ ಮುಂದೆ ಕೊಚ್ಚಿಕೊಂಡಿದ್ದ. ಮಗಳು ಕನ್ನಡಕದ ಅಂಗಡಿಯವಳು, ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ ಈಗ ಚೆನ್ನಾಗಿ ಕಾಣ್ತಿದ್ಯಾ, ಈಗ, ಈಗ ಎಂದು ಇಡೀ ದಿನ ಕೇಳಿ ಬರುವವಳು, ಮನೆಗೆ ಬಂದರೂ ಅದೇ ದನಿ, ಅಪ್ಪಾ, ತಟ್ಟೆ ಕಣ್ಣಿಗೆ ಬೀಳೋ ತನಕ ಸೂಜಿ ಮುಟ್ಬೇಡಿ, ಊಟ ತಪ್ಪಿದ್ರೆ ಶುಗರ್ ಇಳಿದುಹೋಗುತ್ತೆ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ. ತಟ್ಟೆ ಕಣ್ಣಿಗೆ ಬಿದ್ದಿದೆ ಕಣೇ. ಕಣ್ಣಿಗೆ ಮಾತ್ರ ಬಿದ್ದಿದೆ.

ಗೊತ್ತಾದದ್ದು ಕೂತ ಮೇಲೆ. ಬ್ರೆಡ್ಡು ಮುರಿಯಲು ಹೋದರೆ ಅದು ಬಾಗಿತು, ಬಾಗಿ ಮತ್ತೆ ನೆಟ್ಟಗಾಯಿತು, ಚಪ್ಪಲಿಯ ಅಟ್ಟೆಯ ಹಾಗೆ, ಸೂಪಿನಲ್ಲಿ ಚಮಚ ಕಂಬದಂತೆ ನಿಂತಿತ್ತು, ಆಲೂಗಡ್ಡೆಯ ಮೇಲಿನ ಹಬೆ ಎಂದುಕೊಂಡದ್ದು ಹತ್ತಿ, ಮುಟ್ಬೇಡಿ ಸಾರ್ ಬಣ್ಣ ಇನ್ನೂ ಹಸಿ ಇದೆ ಎಂದು ಹೊಸ ಕಲಾ ನಿರ್ದೇಶಕ ಓಡಿ ಬಂದ, ನೋಡಿ ಹೇಗಿದೆ, ಎಲ್ಲಾ ಮೇಣ ಮತ್ತೆ ರಬ್ಬರು, ಒಂದು ವಾರ ಕೂತು ಮಾಡಿಸಿದ್ದು, ಇನ್ಮೇಲೆ ಲೈಟಿನ ಬಿಸಿಗೆ ಬಾಡಲ್ಲ, ನೊಣ ಕೂರಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಎರಡು ಟೇಕಿನ ಮಧ್ಯೆ ಯಾರೋ ತಿಂದ್ಹಾಕಿ, ತಟ್ಟೆ ಮೊದಲಿನ ಹಾಗೆ ಇರದಂತೆ ಮಾಡಿ, ಕಂಟಿನ್ಯೂಟಿ ಹಾಳು ಮಾಡ್ತಾ ಇದ್ರಲ್ಲ, ಆ ರಗಳೆ ಇಲ್ಲ — ಯಾರೋ ಎಂದಾಗ ಎಲ್ಲರೂ ಲೈಟಿನವನ ಕಡೆ ನೋಡಿದರು, ಅವನ ಹೊಟ್ಟೆ ಹಾಗಿದೆ, ಪಾಪದವನು, ಯಜಮಾನನೂ ನೋಡಿದ, ಎರಡನೇ ತುಂಡು ಬ್ರೆಡ್ಡನ್ನು ಕದ್ದು ಬಾಯಿಗೆ ಹಾಕಿಕೊಳ್ಳುತ್ತಿದ್ದ ಆ ಯಾರೋ ತಾನೇ ಎಂಬುದನ್ನು ಮರೆತವನ ಹಾಗೆ, ಈ ಮೇಜಿನ ನಾಲ್ಕು ವರ್ಷದ ನಟನೆಯಲ್ಲಿ ಅದಕ್ಕಿಂತ ಚೆನ್ನಾಗಿ ಯಾವತ್ತೂ ನಟಿಸಿರಲಿಲ್ಲ. ಅಷ್ಟರಲ್ಲಿ ನಿರ್ದೇಶಕ ಬಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟ, ಸೀನು ಸ್ವಲ್ಪ ಬದಲಾಗಿದೆ ಯಜಮಾನ್ರೇ, ಮಗಳು ಬೇರೆ ಮನೆ ಮಾಡ್ತೀನಿ ಅಂತಾಳೆ, ನೀವು ಊಟ ಮಾಡಲ್ಲ, ತಟ್ಟೆ ತಳ್ತೀರಿ, ಹೆಂಡ್ತಿ ಏನಾಯ್ತು ಅಂತ ಕೇಳ್ತಾರೆ, ನೀವು ನನಗೇನೂ ಆಗಿಲ್ಲ ಅಂತೀರಿ, ಅಷ್ಟೇ, ಎದ್ದು ಹೋಗೋದು, ಒಂದೇ ಲೈನು, ನಿಮಗೆ ನೀರು ಕುಡಿದ ಹಾಗೆ. ನನಗೇನೂ ಆಗಿಲ್ಲ. ಚೆನ್ನಾಗಿದೆ, ಬರೆದವನು ಯಾರೋ ಬಲ್ಲವನೇ ಇರಬೇಕು, ಇದನ್ನು ಅವನು ಎರಡು ವರ್ಷದಿಂದ ಅಭ್ಯಾಸ ಮಾಡುತ್ತಿದ್ದಾನೆ.

ಒಂದು ನಿಮಿಷ ಎದ್ದು ಹೋಗಿ ಬರ್ತೀನಿ ಎಂದ. ಅಯ್ಯೋ ಏಳ್ಬೇಡಿ ಸಾರ್ ಎಂದು ಮೂರು ಕಡೆಯಿಂದ ಕೂಗು, ಮುಖಕ್ಕೆ ಲೈಟು ಕೂಡಿಸಿಯಾಗಿದೆ, ಕುರ್ಚಿಯ ಹಿಂದೆ ಕ್ಯಾಮೆರಾದ ಹಳಿ ಹಾಸಿಯಾಗಿದೆ, ಹೋಗೋದೆಲ್ಲಿಗೆ, ಯಜಮಾನ್ರಿಗೆ ಮತ್ತೆ ಬಾತ್‌ರೂಮಾ ಎಂದಳು ಸಹಾಯಕಿ, ಆ ಮತ್ತೆ ಎಂಬುದು ಅವನ ಕಿವಿಯಲ್ಲೇ ಕೂತಿತು, ಇಂಥ ಮತ್ತೆಗಳನ್ನು ಗುಡ್ಡೆ ಹಾಕಿಯೇ ಅಲ್ಲವೇ ತಮ್ಮನ ಪಾತ್ರದವನನ್ನು ಮಹಡಿ ಹತ್ತಿಸಿದ್ದು. ಒಳ್ಳೆಯ ನಟ, ಒಂದು ದಿನ ಇದೇ ಮೇಜಿನ ಹತ್ತಿರ ಬೀಪಿ ಹೆಚ್ಚಾಗಿ ಕುಸಿದ, ಆಸ್ಪತ್ರೆಗೆ ಹೂಗುಚ್ಛ ಹೋಯಿತು, ಮುಂದಿನ ಸೋಮವಾರದ ಕಂತಿನಲ್ಲಿ ಚಿಕ್ಕಪ್ಪ ಮಹಡಿ ಮೇಲೆ ಮಲಗಿದ್ದಾರೆ ಎಂದು ಯಾರೋ ಒಂದು ಮಾತು ಹೇಳಿದರು, ಅಷ್ಟೇ, ಇವತ್ತಿಗೂ ಮಲಗಿಯೇ ಇದ್ದಾನೆ, ಈ ಮನೆಗೆ ಮಹಡಿಯೇ ಇಲ್ಲ, ಮೆಟ್ಟಿಲು ಅರ್ಧಕ್ಕೆ ಹತ್ತಿ ಪ್ಲೈವುಡ್ಡಿಗೆ ಮುಖ ಕೊಟ್ಟು ನಿಂತಿದೆ, ಆಮೇಲೆ ಅವನನ್ನು ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಡಾಗ ಹೇಗಿದೀಯಪ್ಪಾ ಎಂದದ್ದಕ್ಕೆ ನಿದ್ದೆ ಚೆನ್ನಾಗಿ ಆಗ್ತಿದೆ ಎಂದಿದ್ದ, ನಗಲಿಲ್ಲ. ಹೇಳಿಬಿಡಿ ಅಪ್ಪಾ ಅವರಿಗೆ, ಶುಗರ್ ಇದೆ, ಹೊತ್ತಿಗೆ ಸರಿಯಾಗಿ ಊಟ ಬೇಕು ಅಂತ ಒಂದು ಮಾತು, ಏನಾಗುತ್ತೆ, ಎಂದಿದ್ದಳು ಮನೆಯಲ್ಲಿ ಮಗಳು. ಮಹಡಿ ಮೇಲೆ ಮಲಗಿಸ್ತಾರೆ. ಹೇಳದಿದ್ರೆ ನೆಲದ ಮೇಲೆ ಮಲಗ್ತೀರಿ. ಏಟಿಗೆ ಎದಿರೇಟು ಕೊಡುವುದರಲ್ಲಿ ಥೇಟ್ ಅವಳಮ್ಮ, ಅವಳಮ್ಮ ಇದ್ದಿದ್ದರೆ ಇವತ್ತು ಬೆಳಿಗ್ಗೆಯೇ ಏನಾದರೂ ತಿನ್ನಿಸಿ ಕಳಿಸುತ್ತಿದ್ದಳು, ಬೆಳಿಗ್ಗೆ ಏನು ತಿಂದೆ, ಒಂದು ಮೊಟ್ಟೆ, ಅಥವಾ ಅದು ನಿನ್ನೆಯೋ.

ಮಿಠಾಯಿ ಇದೆ. ಜೇಬಿನಲ್ಲಿ ಯಾವಾಗಲೂ ನಾಲ್ಕು ಮಿಠಾಯಿ, ಅದು ಮಗಳ ಕಟ್ಟಪ್ಪಣೆ, ಕೈ ತಾನಾಗಿ ಕೋಟಿನ ಜೇಬಿಗೆ ಇಳಿಯಿತು, ಇಳಿಯಲಿಲ್ಲ, ಬೆರಳಿಗೆ ಹೊಲಿಗೆ ಸಿಕ್ಕಿತು, ಯಜಮಾನನ ಕೋಟು ಉಬ್ಬಬಾರದೆಂದು ವಸ್ತ್ರವಿನ್ಯಾಸದವಳು ಜೇಬುಗಳ ಬಾಯಿ ಹೊಲಿದುಬಿಟ್ಟಿದ್ದಾಳೆ, ಜೇಬಿನ ಆಕಾರವಷ್ಟೇ ಇದೆ, ಮಿಠಾಯಿ ಇರುವುದು ಅವನ ಸ್ವಂತ ಪ್ಯಾಂಟಿನಲ್ಲಿ, ಪ್ಯಾಂಟು ಮೇಕಪ್ ಕೋಣೆಯ ಗೂಟದಲ್ಲಿ, ಐದು ಜನ ಗಂಡಸರ ಬಟ್ಟೆಯ ಜೊತೆ, ಅದರ ಇನ್ನೊಂದು ಜೇಬಿನಲ್ಲಿ ಫೋನು. ತೋಳಿನ ಹಿಂಬದಿಗೆ ರಕ್ತದ ಸಕ್ಕರೆ ಅಳೆಯುವ, ನಾಣ್ಯದಷ್ಟು ದೊಡ್ಡ ಸೆನ್ಸರು ಅಂಟಿಕೊಂಡಿದೆ, ಅದು ಈ ಪ್ಲೈವುಡ್ ಗೋಡೆಯಾಚೆಯ ಫೋನಿಗೆ ಹೇಳುತ್ತದೆ, ಫೋನು ಮಗಳ ಫೋನಿಗೆ ಹೇಳುತ್ತದೆ, ಅವನ ರಕ್ತದಲ್ಲಿ ಏನಾಗುತ್ತಿದೆ ಎಂಬುದು ಪಟ್ಟಣದ ಆಚೆ ತುದಿಯ ಕನ್ನಡಕದ ಅಂಗಡಿಗೆ ಗೊತ್ತು, ಅವನಿಗೆ ಮಾತ್ರ ಗೊತ್ತಿಲ್ಲ, ಅವನಿಗೆ ಗೊತ್ತಿರುವುದು ತುಟಿಯಲ್ಲಿ ಒಂದು ಜುಮುಜುಮು, ಕತ್ತಿನ ಹಿಂದೆ ತಣ್ಣಗೆ ಏನೋ ಇಳಿಯುವುದು, ಮೇಕಪ್ಪಿನವನು ಬಂದು ಪಫ್ ಒತ್ತಿ ಏನ್ ಸಾರ್ ಈ ಪಾಟಿ ಬೆವರು ಎಂದು ಗೊಣಗಿ ಹೋದ. ಚಹಾ, ಹೌದು, ಚಹಾ ಕೇಳಬಹುದು, ಯಜಮಾನನೂ ಚಹಾ ಕುಡಿಯುತ್ತಾನೆ, ಅದರಲ್ಲೇನು ಗುಟ್ಟು, ಒಂದು ಚಹಾ ಸಿಗುತ್ತೇನಮ್ಮಾ ಎಂದ ಕೂಡಲೇ ಚಹಾದಮ್ಮ ಓಡೋಡಿ ತಂದಳು, ಲೋಟ ಕೈಗಿಟ್ಟಳು, ಅವನು ಗಟಗಟ ಕುಡಿದ, ನಾಲಗೆ ಸಿಹಿಗಾಗಿ ಕಾಯಿತು, ಕಾಯಿತು, ಆದರೆ ಎಲ್ಲಿ, ಎಲ್ಲಿ ಅದು, ಇಷ್ಟು ಕಹಿ ಯಾಕೆ ಎಂದು ನೋಡಿದರೆ ಅವಳು ಮುಖವೆಲ್ಲ ನಗುವಾಗಿ ನಿಂತಿದ್ದಾಳೆ, ನಿಮ್ಮದು ಬೇರೆ ಕಾಯ್ಸಿದೀನಿ ಸಾರ್, ಸಕ್ಕರೆ ಒಂದು ಹರಳೂ ಇಲ್ಲ, ನನಗೆ ಗೊತ್ತಿಲ್ವಾ ನಿಮ್ಮ ಡಯೆಟ್ಟು. ಎರಡು ವರ್ಷದಿಂದ ಸಕ್ಕರೆ ಬೇಡಮ್ಮ ಡಯೆಟ್ಟು ಎಂದು ಹೇಳಿ ಹೇಳಿ ಕಲಿಸಿದ್ದು ಅವನೇ, ಶಿಷ್ಯೆ ಪಾಠ ಒಪ್ಪಿಸಿದಳು, ಈಗ ಸಕ್ಕರೆ ಹಾಕಿ ತಾ ಎಂದರೆ, ಯಾಕೆ ಎನ್ನುತ್ತಾಳೆ, ಯಾಕೆ ಎಂದರೆ — ಥ್ಯಾಂಕ್ಸ್ ಅಮ್ಮಾ ಎಂದ.

ರೋಲಿಂಗ್. ಕ್ಯಾಮೆರಾ ಓಡಿತು, ಧಾರಾವಾಹಿಯ ಮಗಳು ನಾನು ಬೇರೆ ಮನೆ ಮಾಡ್ತೀನಿ ಅಪ್ಪಾ ಎಂದಳು, ಒಳ್ಳೆಯ ಹುಡುಗಿ, ಕಣ್ಣಲ್ಲಿ ನೀರು ತರಿಸಿಕೊಳ್ಳಲು ಔಷಧಿ ಬೇಡ ಅವಳಿಗೆ, ಅವನು ತಟ್ಟೆಯ ಅಂಚಿಗೆ ಕೈಯಿಟ್ಟ, ಸೇಬು ಸ್ವಲ್ಪ ಉರುಳಿ ನಿಂತಿತು, ಉರುಳಿದರೂ ಕಿಟಕಿ ಉರುಳಲಿಲ್ಲ, ಅದು ಮೇಲೆಯೇ ಇದೆ, ಎಂಥ ವಿಚಿತ್ರ, ಹಣ್ಣು ತಿರುಗುತ್ತದೆ, ಕಿಟಕಿ ತಿರುಗುವುದಿಲ್ಲ, ಅದರೊಳಗಿಂದ ಯಾರಾದರೂ ಹೊರಗೆ ನೋಡುತ್ತಿದ್ದರೆ ಅವರಿಗೆ — ಕಟ್, ಎಂದು ಧ್ವನಿಗ್ರಾಹಕ ಕಿವಿಯ ಮೇಲಿನ ಹೆಡ್‌ಫೋನು ಅದುಮಿಕೊಂಡು ಕೂಗಿದ, ಯಾವ್ದೋ ಬೀಪ್ ಬರ್ತಿದೆ, ಯಾರದ್ರಪ್ಪಾ ಫೋನು. ಸುಮ್ಮನಿದ್ದರೆ ಎಲ್ಲರಿಗೂ ಕೇಳುತ್ತದೆ, ಗೋಡೆಯಾಚೆ, ಮೂರು ಮೂರಾಗಿ, ತಾಳ ತಪ್ಪದೆ, ಅವನಿಗೆ ಆ ಸದ್ದು ತನ್ನ ಕೆಮ್ಮಿನಷ್ಟು ಪರಿಚಯ. ಅದು ನಿಂತು ರಿಂಗು ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಸಹಾಯಕಿ ಓಡಿಹೋಗಿ ಫೋನನ್ನು ಸತ್ತ ಇಲಿ ಹಿಡಿದು ತರುವವರ ಹಾಗೆ ಎರಡು ಬೆರಳಲ್ಲಿ ಹಿಡಿದು ತಂದಳು, ಬಟ್ಟೆ ರಾಶಿಯೊಳಗಿತ್ತು, ಯಾರದಿದು, ಮಗಳು ಅಂತ ಬರ್ತಿದೆ, ಯಾರ್ಯಾರಿಗೆ ಮಗಳಿದ್ದಾಳೆ ಕೈ ಎತ್ತಿ, ಎಲ್ಲರೂ ನಕ್ಕರು, ಲೈಟಿನವನು ನನಗೆ ಮೂರು ಜನ ಇದಾರೆ, ಒಬ್ಬಳೂ ಫೋನ್ ಮಾಡಲ್ಲ ಎಂದ, ಮತ್ತೂ ನಕ್ಕರು, ಧ್ವನಿಗ್ರಾಹಕ ಬಗ್ಗಿ ನೋಡಿ, ಏನಿದು, ಐವತ್ತೆಂಟು ಅಂತ ಒಂದು ನಂಬರು, ಪಕ್ಕದಲ್ಲಿ ಕೆಳಗಡೆ ಬಾಣ, ಶೇರು ಮಾರ್ಕೆಟ್ಟಿರಬೇಕು, ಯಾರೋ ಮುಳುಗ್ತಿದಾನೆ ಕಣ್ರೋ ಎಂದ, ಎಲ್ಲರ ಜೊತೆ ಯಜಮಾನನೂ ನಕ್ಕ, ನಗು ಗಂಟಲಿನಿಂದ ಬಂತು, ಸರಿಯಾದ ಜಾಗದಲ್ಲಿ ನಿಂತಿತು, ಐವತ್ತೆಂಟು, ಎಪ್ಪತ್ತರ ಕೆಳಗೆ ಹೋಗಬಾರದ ಸಕ್ಕರೆ, ಬಾಣ ನೆಟ್ಟಗಿದೆಯೋ ಓರೆಯೋ, ಕೇಳುವ ಹಾಗಿಲ್ಲ, ನಿಮ್ಮದಾ ಯಜಮಾನ್ರೇ ಎಂದ ನಿರ್ದೇಶಕ, ಫೋನು ಅವಳ ಬೆರಳುಗಳ ನಡುವೆ ನಡುಗುತ್ತಿತ್ತು, ಮಗಳು, ಮಗಳು, ಮಗಳು, ಕೈ ಚಾಚಿದರೆ ಸಿಗುವಷ್ಟು ದೂರ, ಹೌದು ಎಂದರೆ ಮುಗಿಯಿತು, ಹೌದು ಎಂದರೆ ಮೆಟ್ಟಿಲು, ಪ್ಲೈವುಡ್ಡು, ನಿದ್ದೆ. ನನ್ನದಲ್ಲ, ಎಂದ. ಹಾಗಾದ್ರೆ ಆಫ್ ಮಾಡಿ ಆಚೆ ಇಡಿ. ಪರದೆ ಕಪ್ಪಾಯಿತು. ಈಗ ಕನ್ನಡಕದ ಅಂಗಡಿಯಲ್ಲಿ, ಯಾರದೋ ಮೂಗಿನ ಮೇಲೆ ಅರ್ಧ ಕೂಡಿಸಿದ ಗಾಜು ಬಿಟ್ಟು, ಅವಳು ಫೋನು ನೋಡುತ್ತಿದ್ದಾಳೆ, ಅಪ್ಪನಿದ್ದ ಜಾಗದಲ್ಲಿ ಎರಡು ಅಡ್ಡಗೆರೆ, ಅಂಕಿಯಿಲ್ಲ, ಬಾಣವಿಲ್ಲ, ಈಗ ಚೆನ್ನಾಗಿ ಕಾಣ್ತಿದ್ಯಾ, ಈಗ, ಈಗ.

ಮತ್ತೆ ರೋಲಿಂಗ್, ಮತ್ತೆ ಅಪ್ಪಾ, ಮತ್ತೆ ಬೇರೆ ಮನೆ, ಆದರೆ ಮಾತುಗಳು ಈಗ ನೀರಿನ ತಳದಿಂದ ಬರುತ್ತಿವೆ, ಗುಳ್ಳೆ ಗುಳ್ಳೆಯಾಗಿ, ಮೇಲೆ ಬಂದು ಒಡೆದ ಮೇಲೆ ಅರ್ಥ, ಮೇಜು ಉದ್ದವಾಗುತ್ತಿದೆ, ಆಚೆ ತುದಿಯಲ್ಲಿ ಕೂತವರು ಸಣ್ಣಗೆ, ಬಹಳ ಸಣ್ಣಗೆ, ಕೈ ತಟ್ಟೆಯ ಮೇಲೆ ತನ್ನಷ್ಟಕ್ಕೆ ಕುಣಿಯುತ್ತಿದೆ, ಕುಣಿಯಲಿ, ಅದು ಯಾರ ಕೈಯೋ, ಪಕ್ಕದಲ್ಲಿ ಧಾರಾವಾಹಿಯ ಹೆಂಡತಿ ತುಟಿ ಅಲ್ಲಾಡಿಸದೆ ಏನ್ರೀ ಇದು, ಕೈ ಯಾಕೆ ಹೀಗೆ, ಲೈನು ಮರೆತ್ರಾ ಎನ್ನುತ್ತಾಳೆ, ನಾಲ್ಕು ವರ್ಷದಿಂದ ಕ್ಯಾಮೆರಾ ಇದ್ದರೂ ರೀ, ಇಲ್ಲದಿದ್ದರೂ ರೀ, ಅವಳ ನಿಜವಾದ ಗಂಡ ಒಮ್ಮೆ ಇದಕ್ಕೆ ಜಗಳವಾಡಿದ್ದನಂತೆ, ಇದೆಲ್ಲ ಈಗ ಯಾಕೆ ನೆನಪಾಗುತ್ತದೆ, ನೆನಪಾಗಬೇಕಾದದ್ದು ಬೇರೆ, ಒಂದು ಶಬ್ದ, ಬಿಳಿ, ಹರಳು ಹರಳು, ನಾಲಗೆಯ ತುದಿಯಲ್ಲಿದೆ, ನಾಲಗೆ ಎಲ್ಲಿದೆ. ಆಹಾ, ಬಿಡಬೇಡಿ, ಹಾಗೇ ಇರಲಿ, ಮುಖ ನೋಡ್ರೋ, ಏನ್ ಅಭಿನಯ ಎಂದು ಕತ್ತಲೆಯಿಂದ ನಿರ್ದೇಶಕನ ಪಿಸುಮಾತು, ಕ್ಯಾಮೆರಾ ಹಳಿಯ ಮೇಲೆ ಮೆತ್ತಗೆ ಹತ್ತಿರ ಬರುತ್ತಿದೆ, ಹಸಿದ ಪ್ರಾಣಿಯೊಂದು ಮೂಸುತ್ತ ಬಂದ ಹಾಗೆ, ಏನಾಯ್ತು ರೀ ಎಂದು ಹೆಂಡತಿ ಜೋರಾಗಿ ಕೇಳುತ್ತಾಳೆ, ಅದು ಅವಳ ಲೈನು, ಈಗ ಅವನದು. ತಟ್ಟೆ ತಳ್ಳಬೇಕು. ಕೈ ತಟ್ಟೆಗೆ ಹೋಗಲಿಲ್ಲ, ಸೇಬಿಗೆ ಹೋಯಿತು, ಕೆಂಪು, ಕಿಟಕಿ, ಕಿಟಕಿಯ ಹಿಂದೆ ಕೋಣೆ ಇರುತ್ತದೆ, ಕೋಣೆಯಲ್ಲಿ ಮೇಜು, ಮೇಜಿನ ಮೇಲೆ ನಿಜವಾದ ಊಟ, ಗೊತ್ತು, ಮೇಣವೆಂದು ಗೊತ್ತು, ತಲೆಗೆ ಗೊತ್ತು, ಹಲ್ಲಿಗೆ ಗೊತ್ತಿಲ್ಲ, ಹಲ್ಲು ಇಳಿಯಿತು, ಮೆತ್ತಗೆ, ಬಾಯಿ ತುಂಬ ಬಣ್ಣದ ವಾಸನೆ, ಮೇಣದಬತ್ತಿ, ಅಂಟು, ಸಿಹಿ ಎಲ್ಲೂ ಇಲ್ಲ, ಜಗಿದ, ಸಿಹಿ ಇಲ್ಲ, ಇನ್ನೂ ಜಗಿದ. ಆಮೇಲೆ ಮೇಜಿನ ಕೆಳಗಿನಿಂದ ಸಹಾಯಕಿಯ ದನಿ, ಲೈನು ನೆನಪಿಸುವವರ ದನಿ, ನನಗೇನೂ ಆಗಿಲ್ಲ. ಸಾರ್, ನನಗೇನೂ ಆಗಿಲ್ಲ. ಮತ್ತೆ, ಸ್ವಲ್ಪ ಜೋರಾಗಿ, ನನಗೇನೂ ಆಗಿಲ್ಲ ಸಾರ್, ಪಾಪ, ಎಷ್ಟು ಶ್ರದ್ಧೆಯಿಂದ ಅವನ ಸುಳ್ಳನ್ನು ಅವನಿಗೇ ಹೇಳಿಕೊಡುತ್ತಿದ್ದಾಳೆ, ಬಾಯಿ ತೆರೆದರೆ ಸಾಕು, ಮೂವತ್ತು ವರ್ಷ ಮಂದಿ ಬರೆದುಕೊಟ್ಟದ್ದನ್ನು ಆಡಿದ ಬಾಯಿ, ತಾನಾಗಿ ಆಡುತ್ತದೆ, ತೆರೆದ, ಮೇಣದ ಚೂರು ತುಟಿಯಿಂದ ಗಡ್ಡಕ್ಕೆ ಜಾರಿತು, ಆ ಫೋನು, ಎಂದಿತು ಬಾಯಿ. ಆ ಫೋನು ನನ್ನದು.

ಪಕ್ಕದ ಕುರ್ಚಿ ಉರುಳಿದ ಸದ್ದು, ಕಟ್ ಅನ್ರೀ ಮೊದಲು ಎಂದು ಹೆಂಡತಿ ಕೂಗುತ್ತಿದ್ದಾಳೆ, ಧಾರಾವಾಹಿಯ ದನಿಯಲ್ಲ, ಅವಳ ಸ್ವಂತದ್ದು, ಒರಟು, ಇದು ನಟನೆ ಅಲ್ಲ ಕಣ್ರೋ, ಇವರಿಗೆ ಶುಗರ್ ಇಳಿದಿದೆ, ನಮ್ಮಕ್ಕನಿಗೆ ಹೀಗೇ ಆಗೋದು, ಚಹಾದಮ್ಮಾ, ಸಕ್ಕರೆ, ಡಬ್ಬಿ ಸಮೇತ ತಾರೇ, ಯಾರೋ ಓಡುತ್ತಾರೆ, ಯಾರೋ ಕೋಟಿನ ಗುಂಡಿ ಬಿಚ್ಚುತ್ತಾರೆ, ಯಾರೋ ಫೋನು ಆನ್ ಮಾಡಿ ಮಗಳಿಗೆ ಹಚ್ಚಿ ಎನ್ನುತ್ತಾರೆ, ಮೆಟ್ಟಿಲಿನ ಕಡೆ ಯಾರಾದರೂ ನೋಡುತ್ತಿದ್ದಾರೆಯೇ, ನಿರ್ದೇಶಕ ನೋಡುತ್ತಿರಬಹುದು, ನೋಡಲಿ, ಯಜಮಾನ ಮಾತ್ರ ಎಲ್ಲಿಯೂ ನೋಡಲಾರ, ಕೈಯಲ್ಲಿ ಸೇಬು ಹಾಗೇ ಇದೆ, ಹಲ್ಲಿನ ಗುರುತು ಒಂದೊಂದೂ ಎಣಿಸುವ ಹಾಗೆ ಸ್ಪಷ್ಟವಾಗಿ, ಒಳಗೆ ಬಿಳಿಯಲ್ಲ, ಬೂದು, ಅದರ ಮೇಲೆ ಕೆಂಪು, ಕೆಂಪಿನ ಮೇಲೆ ಕಿಟಕಿ, ತಿರುಗಿಸಿದ, ಅಲ್ಲೇ ಇದೆ, ಇನ್ನೂ ತಿರುಗಿಸಿದ, ಹಲ್ಲಿನ ಗುರುತು ಮೇಲಕ್ಕೆ ಬಂತು, ಕಿಟಕಿಯ ಒಂದು ಮೂಲೆಗೆ ಬಂದು ನಿಂತಿತು, ನಾಲ್ಕು ಗಾಜು. ಒಂದು ಒಡೆದಿದೆ. ಕಿಟಕಿ, ನಾಲ್ಕು ಗಾಜು, ಒಂದು ಒಡೆದಿದೆ. ಕಿಟಕಿ.